ಮಳೆಗೆ ಮುನ್ನವೇ ಸಿದ್ಧತೆ: ಹವಾಮಾನ ವೈಪರೀತ್ಯ ಮತ್ತು ಸಣ್ಣ ಹಿಡುವಳಿದಾರರು – ಒಂದು ವಿಶ್ಲೇಷಣೆ

ಪೀಠಿಕೆ

ಬರಪೀಡಿತ ಪ್ರದೇಶದ ವಿಸ್ತೀರ್ಣದಲ್ಲಿ ರಾಜಸ್ಥಾನದ ನಂತರದ ಸ್ಥಾನ ಕರ್ನಾಟಕದ್ದಾಗಿದೆ. 2015-16ನೇ ಸಾಲಿನ ಕೃಷಿ ಗಣತಿಯಂತೆ ರಾಜ್ಯದಲ್ಲಿ 86.81 ಲಕ್ಷ ಕೃಷಿ ಹಿಡುವಳಿಗಳಿದ್ದು, ಅವುಗಳ ಒಟ್ಟು ವಿಸ್ತೀರ್ಣ 118.05 ಲಕ್ಷ ಹೆಕ್ಟೇರ್ ಆಗಿರುತ್ತದೆ. ಅಂದರೆ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಸುಮಾರು 3 ಎಕರೆ 14 ಗುಂಟೆ. ಒಂದು ಹೆಕ್ಟೇರ್‌ವರೆಗಿನ ಅತಿಸಣ್ಣ ಹಾಗೂ ಒಂದರಿಂದ ಎರಡು ಹೆಕ್ಟೇರ್‌ವರೆಗಿನ ಸಣ್ಣ ಹಿಡುವಳಿಗಳು ಒಟ್ಟು ಸಂಖ್ಯೆಯ ಶೇಕಡ 80ರಷ್ಟಿದ್ದರೂ, ಅವುಗಳ ಪಾಲಿನ ಭೂಮಿ ಅರ್ಧಕ್ಕಿಂತ ಕಡಿಮೆ.

ಇಂತಹ ಕುಟುಂಬಗಳಿಗೆ ಒಂದು ಹಂಗಾಮಿನ ಬೆಳೆ ಕೈತಪ್ಪಿದರೆ ಮುಂದಿನ ಹಂಗಾಮಿನ ಬೀಜ, ಗೊಬ್ಬರದ ಹಣವೂ ಕೈತಪ್ಪಿದಂತೆಯೇ. ಆದ್ದರಿಂದ ಮಳೆ ಕೊರತೆ ಅಥವಾ ಅತಿವೃಷ್ಟಿಯ ವರ್ಷದಲ್ಲಿ ಸರ್ಕಾರದಿಂದ ದೊರೆಯುವ ನೆರವಿನ ಸ್ವರೂಪವೇನು, ಅದರ ಮಿತಿಯೇನು, ಅದು ಯಾರಿಗೆ ತಲುಪುತ್ತದೆ ಮತ್ತು ಯಾರಿಗೆ ತಲುಪದೇ ಉಳಿಯುತ್ತದೆ ಎಂಬುದನ್ನು ಇತ್ತೀಚಿನ ವರ್ಷಗಳ ಅನುಭವದ ಹಿನ್ನೆಲೆಯಲ್ಲಿ ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿಶ್ಲೇಷಿಸಲಾಗಿದೆ.

1. ಬದಲಾಗುತ್ತಿರುವ ಮಳೆಯ ಸ್ವರೂಪ

ಹಿಂದೆ ಬರಗಾಲ ಮತ್ತು ನೆರೆ ಬೇರೆ ಬೇರೆ ವರ್ಷಗಳ ಸಂಗತಿಗಳೆಂದು ಭಾವಿಸಲಾಗುತ್ತಿತ್ತು. ಈಗ ಹಾಗಿಲ್ಲ. 2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗು ಜಿಲ್ಲೆಯಲ್ಲಿ ಭೂಕುಸಿತ ಸಂಭವಿಸಿದರೆ, ಅದೇ ಮುಂಗಾರು ಹಂಗಾಮಿನಲ್ಲಿ ರಾಜ್ಯದ 100 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. 2021ರ ನವೆಂಬರ್‌ನಲ್ಲಿ ಸುರಿದ ಅಕಾಲಿಕ ಮಳೆಯಿಂದ ಕಟಾವಿಗೆ ಬಂದಿದ್ದ ಮತ್ತು ಕಟಾವು ಮಾಡಿ ಹೊಲದಲ್ಲಿ ಬಿಟ್ಟಿದ್ದ ರಾಗಿ ಹಾಳಾಯಿತು. 2025ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಕಲಬುರಗಿ, ಯಾದಗಿರಿ, ಬೀದರ್ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಅತಿವೃಷ್ಟಿ ಹಾಗೂ ಭೀಮಾ ನದಿಯ ಪ್ರವಾಹದಿಂದ ತೊಗರಿ, ಹತ್ತಿ ಮುಂತಾದ ಬೆಳೆಗಳು ನಷ್ಟವಾದವು.

ಒಟ್ಟು ಮಳೆಯ ಪ್ರಮಾಣಕ್ಕಿಂತ ಅದರ ಹಂಚಿಕೆಯೇ ಮುಖ್ಯ ಎಂಬುದಕ್ಕೆ 2023ನೇ ವರ್ಷ ಉತ್ತಮ ನಿದರ್ಶನ. ಆ ವರ್ಷ ಜೂನ್‌ನಲ್ಲಿ ಮಳೆ ತೀವ್ರವಾಗಿ ಕೊರತೆಯಾಯಿತು. ಜುಲೈನಲ್ಲಿ ವಾಡಿಕೆಗಿಂತ ಹೆಚ್ಚು ಸುರಿಯಿತು. ಅದನ್ನು ನಂಬಿ ಬಿತ್ತನೆ ಮಾಡಿದ ನಂತರ ಆಗಸ್ಟ್ ತಿಂಗಳಿನಲ್ಲಿ ಶೇಕಡ 70ಕ್ಕೂ ಹೆಚ್ಚು ಕೊರತೆ ಉಂಟಾಯಿತು. ಪೈರು ಮೊಳೆತ ಮೇಲೆ ಒಣಗಿದ್ದರಿಂದ ಬಿತ್ತನೆಗೆ ಹಾಕಿದ ವೆಚ್ಚವೂ ಮರಳಲಿಲ್ಲ.

2. ಬರ ಪರಿಹಾರ: ಕಾಲ ಮತ್ತು ಮೊತ್ತ

2023ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರವು 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಹಂತ ಹಂತವಾಗಿ ಈ ಸಂಖ್ಯೆ 223ಕ್ಕೆ ಏರಿತು. ಕೇಂದ್ರದಿಂದ 18,171 ಕೋಟಿ ರೂಪಾಯಿಗಳ ನೆರವನ್ನು ಕೋರಲಾಯಿತು. 2024ರ ಜನವರಿಯಲ್ಲಿ ರಾಜ್ಯವು ಮೊದಲ ಕಂತಾಗಿ ಪ್ರತಿ ರೈತರಿಗೆ ಗರಿಷ್ಠ 2,000 ರೂಪಾಯಿಗಳನ್ನು ಪಾವತಿಸಲು ಕ್ರಮ ಕೈಗೊಂಡಿತು. ವಿಷಯವು 2024ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು, ಏಪ್ರಿಲ್ ಅಂತ್ಯದಲ್ಲಿ ಕೇಂದ್ರದಿಂದ ಸುಮಾರು 3,454 ಕೋಟಿ ರೂಪಾಯಿಗಳು ಬಿಡುಗಡೆಯಾದವು. ಜುಲೈನಲ್ಲಿ ಬಿತ್ತಿದ ರೈತರಿಗೆ ಪರಿಹಾರದ ಮುಖ್ಯ ಭಾಗವು ಮುಂದಿನ ಬಿತ್ತನೆಯ ಹೊಸ್ತಿಲಲ್ಲಿ ದೊರೆಯಿತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಮೊತ್ತದ ವಿಚಾರ. 2022-23ರಿಂದ 2025-26ರವರೆಗಿನ ಅವಧಿಗೆ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿ ಶೇಕಡ 33 ಮತ್ತು ಅದಕ್ಕಿಂತ ಹೆಚ್ಚು ಬೆಳೆ ಹಾನಿಗೆ ಮಳೆಯಾಶ್ರಿತ ಬೆಳೆಗಳಿಗೆ ಹೆಕ್ಟೇರಿಗೆ 8,500 ರೂ., ನೀರಾವರಿ ಬೆಳೆಗಳಿಗೆ 17,000 ರೂ. ಹಾಗೂ ಬಹುವಾರ್ಷಿಕ ಬೆಳೆಗಳಿಗೆ 22,500 ರೂ. ನಿಗದಿಪಡಿಸಿ, ಗರಿಷ್ಠ 2 ಹೆಕ್ಟೇರ್‌ಗೆ ಮಿತಿಗೊಳಿಸಲಾಗಿತ್ತು. ಮಳೆಯಾಶ್ರಿತ ದರವನ್ನು ಎಕರೆಗೆ ಪರಿವರ್ತಿಸಿದಲ್ಲಿ ಅದು ಸುಮಾರು 3,440 ರೂಪಾಯಿಗಳಾಗುತ್ತದೆ.

ಇದನ್ನು ರಾಗಿ ಬೆಳೆಯ ಲೆಕ್ಕದೊಂದಿಗೆ ಹೋಲಿಸಬಹುದು. 2023-24ನೇ ಸಾಲಿಗೆ ರಾಗಿಯ ಕನಿಷ್ಠ ಬೆಂಬಲ ಬೆಲೆ ಕ್ವಿಂಟಾಲಿಗೆ 3,846 ರೂ. ಆಗಿದ್ದು, ಅದಕ್ಕೆ ಆಧಾರವಾಗಿ ಪರಿಗಣಿಸಿದ ಉತ್ಪಾದನಾ ವೆಚ್ಚ ಕ್ವಿಂಟಾಲಿಗೆ 2,564 ರೂ. ಆಗಿತ್ತು. ಎಕರೆಗೆ 6 ಕ್ವಿಂಟಾಲ್ ಇಳುವರಿ ಎಂದು ಭಾವಿಸಿದಲ್ಲಿ ವೆಚ್ಚ 15,384 ರೂ. ಹಾಗೂ ಬೆಳೆಯ ಮೌಲ್ಯ 23,076 ರೂ. ಆಗುತ್ತದೆ. ಬೆಳೆ ಸಂಪೂರ್ಣ ಹಾಳಾದರೂ ದೊರೆಯುವ 3,440 ರೂಪಾಯಿಗಳು ವೆಚ್ಚದ ಕಾಲುಭಾಗಕ್ಕಿಂತ ಕಡಿಮೆ. 2025ರ ಅತಿವೃಷ್ಟಿಯ ಸಂದರ್ಭದಲ್ಲಿ ರಾಜ್ಯ ಸರ್ಕಾರವು ತನ್ನ ಪಾಲಿನಿಂದ ಹೆಕ್ಟೇರಿಗೆ 8,500 ರೂಪಾಯಿಗಳನ್ನು ಹೆಚ್ಚುವರಿಯಾಗಿ ಘೋಷಿಸಿದ್ದರಿಂದ ಮಳೆಯಾಶ್ರಿತ ಬೆಳೆಗಳ ದರ 17,000 ರೂಪಾಯಿಗಳಿಗೆ ಏರಿತು. ಆಗಲೂ ಎಕರೆಗೆ ದೊರೆಯುವ ಮೊತ್ತ ಸುಮಾರು 6,880 ರೂಪಾಯಿ ಮಾತ್ರ.

ಈ ಮೊತ್ತವನ್ನು ನಿಯಮಗಳಲ್ಲಿಯೇ ಹೂಡುವಳಿ ಸಹಾಯಧನ ಎಂದು ಕರೆಯಲಾಗಿದೆ. ಇದು ಮತ್ತೊಮ್ಮೆ ಬಿತ್ತನೆ ಮಾಡಲು ನೀಡುವ ನೆರವೇ ಹೊರತು ನಷ್ಟವನ್ನು ಭರಿಸುವ ಮೊತ್ತವಲ್ಲ. ಪರಿಹಾರವೊಂದನ್ನೇ ನಂಬಿ ಕುಳಿತ ಕುಟುಂಬವು ಸಾಲಕ್ಕೆ ಒಳಗಾಗುವುದು ಅನಿವಾರ್ಯ.

3. ಬೆಳೆ ವಿಮೆ: ತಿಳಿದಿರಬೇಕಾದ ಅಂಶಗಳು

2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ ರೈತರು ಪಾವತಿಸಬೇಕಾದ ವಿಮಾ ಕಂತು ಮುಂಗಾರು ಆಹಾರ ಹಾಗೂ ಎಣ್ಣೆಕಾಳು ಬೆಳೆಗಳಿಗೆ ವಿಮಾ ಮೊತ್ತದ ಗರಿಷ್ಠ ಶೇಕಡ 2, ಹಿಂಗಾರಿಗೆ ಶೇಕಡ 1.5 ಹಾಗೂ ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇಕಡ 5 ಆಗಿರುತ್ತದೆ. ಉಳಿದ ಕಂತನ್ನು ಸರ್ಕಾರಗಳು ಭರಿಸುತ್ತವೆ. 2020ರ ಮುಂಗಾರಿನಿಂದ ಬೆಳೆ ಸಾಲ ಪಡೆದ ರೈತರಿಗೂ ಇದು ಐಚ್ಛಿಕವಾಗಿದೆ. ಆದ್ದರಿಂದ ಬ್ಯಾಂಕಿನವರು ತಾವಾಗಿಯೇ ನೋಂದಾಯಿಸಿರುತ್ತಾರೆಂದು ಭಾವಿಸದೆ, ಕಂತು ಪಾವತಿಯಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಪರಿಹಾರ ಲೆಕ್ಕ ಹಾಕುವ ಕ್ರಮದ ಬಗ್ಗೆ ತಪ್ಪು ಕಲ್ಪನೆಗಳಿವೆ. ವ್ಯಾಪಕ ನಷ್ಟದ ಸಂದರ್ಭದಲ್ಲಿ ಪ್ರತಿಯೊಬ್ಬರ ಹೊಲವನ್ನು ಪ್ರತ್ಯೇಕವಾಗಿ ಅಳೆಯಲಾಗುವುದಿಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನು ಹಾಗೂ ಇತರೆ ಬೆಳೆಗಳಿಗೆ ಹೋಬಳಿಯನ್ನು ವಿಮಾ ಘಟಕವಾಗಿ ಪರಿಗಣಿಸಲಾಗುತ್ತದೆ. ಗ್ರಾಮ ಪಂಚಾಯಿತಿ ಘಟಕದಲ್ಲಿ ಪ್ರತಿ ಬೆಳೆಗೆ ಕನಿಷ್ಠ 4 ಬೆಳೆ ಕಟಾವು ಪ್ರಯೋಗಗಳನ್ನು ಕೈಗೊಂಡು ಸರಾಸರಿ ಇಳುವರಿಯನ್ನು ನಿರ್ಧರಿಸಲಾಗುತ್ತದೆ. ಹಿಂದಿನ 7 ವರ್ಷಗಳ ಪೈಕಿ ಉತ್ತಮ 5 ವರ್ಷಗಳ ಸರಾಸರಿಯನ್ನು ನಷ್ಟಭರ್ತಿ ಮಟ್ಟದಿಂದ ಗುಣಿಸಿ ಪ್ರಾರಂಭಿಕ ಇಳುವರಿಯನ್ನು ನಿಗದಿಪಡಿಸಲಾಗುತ್ತದೆ. ಇವೆರಡರ ನಡುವಿನ ಕೊರತೆಯ ಶೇಕಡಾವಾರು ಪ್ರಮಾಣದಲ್ಲಿ ಪರಿಹಾರ ದೊರೆಯುತ್ತದೆ.

ಉದಾಹರಣೆಗೆ, ಎಕರೆಗೆ ವಿಮಾ ಮೊತ್ತ 20,000 ರೂ. ಎಂದು ಭಾವಿಸೋಣ. ಮುಂಗಾರು ಕಂತು 400 ರೂ. ಪ್ರಾರಂಭಿಕ ಇಳುವರಿ ಎಕರೆಗೆ 500 ಕಿ.ಗ್ರಾಂ ಇದ್ದು, ಪಂಚಾಯಿತಿಯ ಸರಾಸರಿ ಇಳುವರಿ 200 ಕಿ.ಗ್ರಾಂ ಬಂದಲ್ಲಿ ಕೊರತೆ ಶೇಕಡ 60. ಪರಿಹಾರ 12,000 ರೂ. ಪಂಚಾಯಿತಿಯ ಸರಾಸರಿ 500 ಕಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದಲ್ಲಿ, ಒಬ್ಬ ರೈತರ ಹೊಲದಲ್ಲಿ ಮಾತ್ರ ಇಳುವರಿ ಕುಸಿದಿದ್ದರೂ ಈ ಬಾಬಿನಲ್ಲಿ ಪರಿಹಾರ ದೊರೆಯುವುದಿಲ್ಲ.

ಆದರೆ ಆಲಿಕಲ್ಲು ಮಳೆ, ಭೂಕುಸಿತ, ಜಲಾವೃತದಂತಹ ಸ್ಥಳನಿರ್ದಿಷ್ಟ ವಿಕೋಪಗಳಲ್ಲಿ ಹಾಗೂ ಕಟಾವು ಮಾಡಿ ಒಣಗಲು ಹೊಲದಲ್ಲಿ ಹರಡಿದ ಬೆಳೆಯು 14 ದಿನಗಳೊಳಗೆ ಅಕಾಲಿಕ ಮಳೆಗೆ ಸಿಲುಕಿದಲ್ಲಿ ವೈಯಕ್ತಿಕ ಮಟ್ಟದಲ್ಲಿ ನಷ್ಟ ನಿರ್ಧಾರಕ್ಕೆ ಅವಕಾಶವಿದೆ. ಯಾವ ವಿಕೋಪಗಳು ಅನ್ವಯಿಸುತ್ತವೆ ಎಂಬುದನ್ನು ಆಯಾ ಹಂಗಾಮಿನ ಅಧಿಸೂಚನೆಯಲ್ಲಿ ನೋಡಿಕೊಳ್ಳಬೇಕು. ಇದಕ್ಕಾಗಿ ಘಟನೆ ನಡೆದ 72 ಗಂಟೆಗಳೊಳಗೆ ವಿಮಾ ಸಂಸ್ಥೆಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ಮಾಹಿತಿ ನೀಡತಕ್ಕದ್ದು. ಈ ಗಡುವು ತಿಳಿಯದೇ ಇರುವುದರಿಂದ ಅರ್ಹ ರೈತರೂ ಸೌಲಭ್ಯದಿಂದ ವಂಚಿತರಾಗುವ ಸಂಭವವಿರುತ್ತದೆ.

4. ನೀರು ಮತ್ತು ಮಣ್ಣು

ಪರಿಹಾರ ಮತ್ತು ವಿಮೆ ನಷ್ಟದ ನಂತರದ ಕ್ರಮಗಳು. ನಷ್ಟವನ್ನೇ ತಗ್ಗಿಸುವ ಕ್ರಮಗಳು ಹೊಲದಲ್ಲಿಯೇ ಆಗಬೇಕು. 2014-15ರಲ್ಲಿ ಆರಂಭವಾಗಿ, ನಡುವೆ ಸ್ಥಗಿತಗೊಂಡು, 2023-24ರಲ್ಲಿ ಪುನರಾರಂಭಗೊಂಡ ಕೃಷಿ ಭಾಗ್ಯ ಯೋಜನೆಯ ಉದ್ದೇಶವೂ ಇದೇ ಆಗಿದೆ. ಕೃಷಿ ಹೊಂಡ, ಹೊದಿಕೆ, ಪಂಪ್‌ಸೆಟ್, ತುಂತುರು ಅಥವಾ ಹನಿ ನೀರಾವರಿ ಘಟಕ ಮತ್ತು ಹೊಂಡದ ಸುತ್ತ ತಂತಿ ಬೇಲಿ ಇವುಗಳನ್ನು ಒಟ್ಟಾಗಿ ಒದಗಿಸುವುದು ಯೋಜನೆಯ ವಿಶೇಷ. ಸಾಮಾನ್ಯ ವರ್ಗಕ್ಕೆ ಶೇಕಡ 80, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಶೇಕಡ 90ರ ಸಹಾಯಧನದ ಪ್ರಮಾಣ ಈ ಯೋಜನೆಯಲ್ಲಿ ಅನುಸರಿಸಲಾಗಿದೆ.

ಹೊಂಡದ ಸಾಮರ್ಥ್ಯವನ್ನು ಲೆಕ್ಕದಿಂದ ಅರಿಯುವುದು ಉಪಯುಕ್ತ. 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡಕ್ಕೆ ಒಂದಕ್ಕೆ ಒಂದರಂತೆ ಇಳಿಜಾರು ಬಿಟ್ಟಲ್ಲಿ ಸುಮಾರು 2.5 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಒಂದು ಎಕರೆಗೆ 25 ಮಿಲಿಮೀಟರ್‌ನಷ್ಟು ನೀರು ಕೊಡಲು ಸುಮಾರು 1 ಲಕ್ಷ ಲೀಟರ್ ಬೇಕಾಗುತ್ತದೆ. ಆವಿಯಾಗುವ ಪ್ರಮಾಣವನ್ನು ಕಳೆದರೆ, ತುಂಬಿದ ಹೊಂಡವೊಂದು ಒಂದು ಎಕರೆಗೆ ಎರಡು ಬಾರಿ ರಕ್ಷಣಾತ್ಮಕ ನೀರಾವರಿ ಒದಗಿಸಬಲ್ಲದು. 2023ರ ಜುಲೈನಲ್ಲಿ ತುಂಬಿದ ಹೊಂಡವು ಆಗಸ್ಟ್‌ನ ಒಣ ಅವಧಿಯಲ್ಲಿ ರಾಗಿ, ಶೇಂಗಾದ ಹೂವಾಡುವ ಹಂತವನ್ನು ದಾಟಿಸಲು ಇಷ್ಟು ನೀರು ನೆರವಾಗುತ್ತದೆ. ಆದರೆ ಇಡೀ ಹಂಗಾಮಿನ ಮಳೆಗೆ ಹೊಂಡವು ಪರ್ಯಾಯವಲ್ಲ. ಈ ನೀರನ್ನು ನಂಬಿ ಹೆಚ್ಚು ನೀರು ಬೇಡುವ ಬೆಳೆಗೆ ಹೋದಲ್ಲಿ ನಷ್ಟವೇ ಹೆಚ್ಚು. ಮಕ್ಕಳು ಮತ್ತು ಜಾನುವಾರುಗಳ ಪ್ರಾಣರಕ್ಷಣೆಯ ದೃಷ್ಟಿಯಿಂದ ಬೇಲಿಯನ್ನು ಕಡ್ಡಾಯವಾಗಿ ಅಳವಡಿಸಿಕೊಳ್ಳತಕ್ಕದ್ದು.

ಮಣ್ಣಿನ ವಿಷಯದಲ್ಲಿ ರಾಜ್ಯಕ್ಕೆ ದೀರ್ಘ ಅನುಭವವಿದೆ. ವಿಶ್ವ ಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆಯು 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಅನುಷ್ಠಾನಗೊಂಡಿತು. ಬದು, ತಡೆ ಅಣೆ, ಮರಗಿಡಗಳ ಜೊತೆಗೆ ಭೂಹಿಡುವಳಿದಾರರ ಗುಂಪುಗಳನ್ನು ಮತ್ತು ಭೂರಹಿತರು, ಮಹಿಳೆಯರ ಸ್ವಸಹಾಯ ಗುಂಪುಗಳನ್ನು ರಚಿಸಿ ಆದಾಯೋತ್ಪನ್ನ ಚಟುವಟಿಕೆಗಳಿಗೆ ನೆರವು ನೀಡಲಾಯಿತು. ನಂತರದ ಹಂತದಲ್ಲಿ ಭೂಸಂಪನ್ಮೂಲ ಸಮೀಕ್ಷೆ ಕೈಗೊಂಡು, ಸರ್ವೆ ನಂಬರ್‌ವಾರು ಮಣ್ಣಿನ ಆಳ, ಇಳಿಜಾರು, ನೀರು ಹಿಡಿದಿಡುವ ಶಕ್ತಿ ಹಾಗೂ ಸೂಕ್ತ ಬೆಳೆಗಳನ್ನು ತಿಳಿಸುವ ಕಾರ್ಡುಗಳನ್ನು ಸಿದ್ಧಪಡಿಸಲಾಯಿತು. ತಮ್ಮ ಜಮೀನಿಗೆ ಇಂತಹ ಕಾರ್ಡ್ ಸಿದ್ಧವಾಗಿದೆಯೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳಬಹುದು.

5. ಬೆಳೆ ಪದ್ಧತಿ ಮತ್ತು ಉಪಕಸುಬು

ಹಳೆಯ ಮೈಸೂರು ಭಾಗದ ರೈತರು ರಾಗಿಯ ನಡುವೆ ಅವರೆ, ತೊಗರಿ, ಸಾಸಿವೆ, ಜೋಳವನ್ನು ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದುದು ಒಂದು ಬಗೆಯ ವಿಮೆಯೇ ಆಗಿತ್ತು. ಒಂದು ಬೆಳೆಗೆ ಮಳೆ ಕೈಕೊಟ್ಟರೆ ಹಿಂಗಾರಿನ ಮಳೆಗೆ ಮತ್ತೊಂದು ಬೆಳೆ ಕೈಹಿಡಿಯುತ್ತಿತ್ತು. ಮನೆಗೆ ಕಾಳು, ದನಗಳಿಗೆ ಮೇವು ಎರಡೂ ದೊರೆಯುತ್ತಿದ್ದವು. ಬಿತ್ತನೆ ತಡವಾದಲ್ಲಿ ದೀರ್ಘಾವಧಿ ತಳಿಗೆ ಬದಲಾಗಿ ಜಿಪಿಯು-48ರಂತಹ ಅಲ್ಪಾವಧಿ ರಾಗಿ ತಳಿಯನ್ನು, ಇನ್ನೂ ತಡವಾದಲ್ಲಿ ಹುರುಳಿಯನ್ನು ಆಯ್ದುಕೊಳ್ಳುವುದು ಸೂಕ್ತ. ನವಣೆ, ಸಾಮೆ, ಹಾರಕ, ಊದಲು ಮುಂತಾದ ಸಿರಿಧಾನ್ಯಗಳಿಗೆ ರೈತ ಸಿರಿ ಯೋಜನೆಯಡಿ ಹೆಕ್ಟೇರಿಗೆ 10,000 ರೂಪಾಯಿಗಳ ಪ್ರೋತ್ಸಾಹಧನ ನಿಗದಿಪಡಿಸಲಾಗಿತ್ತು. ಚಾಲ್ತಿ ಸಾಲಿನ ಅವಕಾಶವನ್ನು ಅರ್ಜಿಗೆ ಮುನ್ನ ತಿಳಿದುಕೊಳ್ಳಬೇಕು.

ಬರದ ವರ್ಷದಲ್ಲಿ ಸಣ್ಣ ಕುಟುಂಬಗಳನ್ನು ಕಾಯುವ ಮತ್ತೊಂದು ಆಸರೆ ಹೈನುಗಾರಿಕೆ. ಸಹಕಾರ ಸಂಘಗಳಿಗೆ ಹಾಲು ಹಾಕುವ ಉತ್ಪಾದಕರಿಗೆ ನಿಗದಿಯಾಗಿರುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವು ಜಮೀನಿನ ಪಹಣಿಯನ್ನು ಅವಲಂಬಿಸಿರುವುದಿಲ್ಲ. ಭೂರಹಿತ ಕುಟುಂಬವೂ ಇದಕ್ಕೆ ಅರ್ಹವಾಗಿರುವುದು ಗಮನಾರ್ಹ.

6. ದಾಖಲೆಗಳ ತಾಳೆ: ನೆರವಿನ ಹೆಬ್ಬಾಗಿಲು

ಮೇಲೆ ವಿವರಿಸಿದ ಬಹುತೇಕ ಸೌಲಭ್ಯಗಳು ಈಗ ಗಣಕೀಕೃತ ದಾಖಲೆಗಳ ಆಧಾರದ ಮೇಲೆ ವಿತರಣೆಯಾಗುತ್ತಿವೆ. ಇದರಿಂದ ಮಧ್ಯವರ್ತಿಗಳ ಹಾವಳಿ ತಗ್ಗಿದೆ. ಆದರೆ ಈ ಕೆಳಕಂಡ ನಾಲ್ಕು ದಾಖಲೆಗಳಲ್ಲಿ ಒಂದು ತಪ್ಪಿದರೂ ಪಾವತಿ ನಿಲ್ಲುತ್ತದೆ.

ಅ) ಪಹಣಿ: ಜಮೀನು ಜೀವಂತ ಖಾತೆದಾರರ ಹೆಸರಿನಲ್ಲಿರಬೇಕು.
ಆ) ಫ್ರೂಟ್ಸ್ ನೋಂದಣಿ: ರೈತರ ಗುರುತಿನ ಸಂಖ್ಯೆಗೆ ಎಲ್ಲಾ ಸರ್ವೆ ನಂಬರ್‌ಗಳೂ ಜೋಡಣೆಯಾಗಿರಬೇಕು. ಜೋಡಣೆಯಾಗದ ಸರ್ವೆ ನಂಬರಿನ ವಿಸ್ತೀರ್ಣಕ್ಕೆ ಪರಿಹಾರ ಲೆಕ್ಕಕ್ಕೆ ಬರುವುದಿಲ್ಲ.
ಇ) ಬೆಳೆ ಸಮೀಕ್ಷೆ: ರೈತರು ಸ್ವತಃ ಅಥವಾ ನಿಯೋಜಿತ ಖಾಸಗಿ ನಿವಾಸಿಗಳು ಮೊಬೈಲ್ ತಂತ್ರಾಂಶದಲ್ಲಿ ದಾಖಲಿಸಿದ ಬೆಳೆಯು ಹೊಲದಲ್ಲಿರುವ ಬೆಳೆಯೇ ಆಗಿರಬೇಕು. ವಿಮೆ ಮಾಡಿಸಿದ ಬೆಳೆಯೂ ಇದಕ್ಕೆ ತಾಳೆಯಾಗಬೇಕು. ವ್ಯತ್ಯಾಸವಿದ್ದಲ್ಲಿ ಬೆಳೆ ದರ್ಶಕ್ ತಂತ್ರಾಂಶದ ಮೂಲಕ ನಿಗದಿತ ಅವಧಿಯಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಮಿಶ್ರ ಬೆಳೆ ಇದ್ದಲ್ಲಿ ಎಲ್ಲಾ ಬೆಳೆಗಳನ್ನೂ ನಮೂದಿಸಬೇಕು.
ಈ) ಬ್ಯಾಂಕ್ ಖಾತೆ: ಹಣವು ಆಧಾರ್ ಜೋಡಣೆಯಾದ ಖಾತೆಗೆ ಜಮೆಯಾಗುತ್ತದೆ. ಹಲವು ಖಾತೆಗಳಿದ್ದಲ್ಲಿ ಎನ್‌ಪಿಸಿಐ ಪಟ್ಟಿಯಲ್ಲಿರುವ ಖಾತೆ ಯಾವುದೆಂದು ಬ್ಯಾಂಕಿನಲ್ಲಿ ತಿಳಿದುಕೊಳ್ಳಬೇಕು.

7. ದಾಖಲೆಯಿಂದ ಹೊರಗುಳಿದವರು

ಪಹಣಿಯು ಮರಣ ಹೊಂದಿದ ತಂದೆ ಅಥವಾ ತಾತನ ಹೆಸರಿನಲ್ಲಿಯೇ ಮುಂದುವರಿದಿರುವ ಪ್ರಕರಣಗಳು ರಾಜ್ಯದಲ್ಲಿ ಲಕ್ಷಾಂತರ ಸಂಖ್ಯೆಯಲ್ಲಿವೆ. ಇಂತಹ ಜಮೀನನ್ನು ಉಳುವ ವಾರಸುದಾರರು ವಾಸ್ತವದಲ್ಲಿ ರೈತರಾಗಿದ್ದರೂ ಯೋಜನೆಗಳ ಪಾಲಿಗೆ ರೈತರಲ್ಲ. ಈ ಕಾರಣದಿಂದ 2025ರಲ್ಲಿ ಕಂದಾಯ ಇಲಾಖೆಯು ಇ-ಪೌತಿ ಆಂದೋಲನವನ್ನು ಕೈಗೊಂಡಿತು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಗ್ರಾಮ ಆಡಳಿತ ಅಧಿಕಾರಿಯವರನ್ನು ಅಥವಾ ನಾಡಕಚೇರಿಯನ್ನು ಸಂಪರ್ಕಿಸಿ ಪೌತಿ ಖಾತೆ ಮಾಡಿಸಿಕೊಳ್ಳಬಹುದು. ವಾರಸುದಾರರಲ್ಲಿ ವಿಭಾಗದ ಒಪ್ಪಿಗೆ ಇನ್ನೂ ಆಗಿಲ್ಲವೆಂದು ಪೌತಿ ಖಾತೆಯನ್ನು ಮುಂದೂಡುವುದು ಸರಿಯಲ್ಲ. ಮೊದಲು ಎಲ್ಲರ ಹೆಸರಿಗೆ ಜಂಟಿಯಾಗಿ ಖಾತೆ ಮಾಡಿಸಿ, ವಿಭಾಗವನ್ನು ನಂತರ ಮಾಡಿಕೊಳ್ಳಲು ಅವಕಾಶವಿರುತ್ತದೆ.

ಮಹಿಳೆಯರ ಸ್ಥಿತಿ ವಿಶೇಷವಾಗಿ ಚಿಂತನಾರ್ಹ. ಕಳೆ, ನಾಟಿ, ಕೊಯ್ಲು, ಹೈನು ಎಲ್ಲದರಲ್ಲಿಯೂ ಅವರ ದುಡಿಮೆಯಿದ್ದರೂ, 2015-16ರ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಮಹಿಳೆಯರ ಹೆಸರಿನಲ್ಲಿರುವುದು ಶೇಕಡ 14ರಷ್ಟು ಮಾತ್ರ. ಕರ್ನಾಟಕದಲ್ಲಿ 1994ರಿಂದ ಹಾಗೂ ದೇಶದಾದ್ಯಂತ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ದೊರೆತಿದೆ. ಪೌತಿ ಖಾತೆಯ ಸಂದರ್ಭದಲ್ಲಿ ವಿಧವೆ ಪತ್ನಿ ಮತ್ತು ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಿಂದ ಕೈಬಿಡುವುದು ಕಾನೂನಿಗೆ ವಿರುದ್ಧವಾದುದಲ್ಲದೆ, ಗಂಡನನ್ನು ಕಳೆದುಕೊಂಡು ಜಮೀನು ನಡೆಸುತ್ತಿರುವ ಮಹಿಳೆಯನ್ನು ಬರದ ವರ್ಷದಲ್ಲಿ ಬರಿಗೈಯಲ್ಲಿ ನಿಲ್ಲಿಸುತ್ತದೆ.

ಗೇಣಿ ಮತ್ತು ಪಾಲಿಗೆ ಉಳುವವರ ಸಮಸ್ಯೆ ಇನ್ನೂ ಜಟಿಲವಾದುದು. ಭೂಸುಧಾರಣಾ ಅಧಿನಿಯಮ, 1961ಕ್ಕೆ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಕೆಲವು ವಿನಾಯಿತಿಗಳ ಹೊರತು ನಿಷೇಧಿಸಲಾಗಿದೆ. ಉಳುವವನಿಗೆ ಒಡೆತನ ನೀಡಿದ ಈ ಕಾಯ್ದೆಯು ರಾಜ್ಯದ ಇತಿಹಾಸದಲ್ಲಿ ಮಹತ್ವದ್ದು. ಆದರೂ ವಾಸ್ತವದಲ್ಲಿ ಬಾಯಿಮಾತಿನ ಗೇಣಿ, ಕೋರು ಮುಂದುವರಿದಿವೆ. ಬಿತ್ತನೆಯ ವೆಚ್ಚ ಉಳುವವರದು, ಪರಿಹಾರದ ಹಣ ಮಾತ್ರ ಪಹಣಿದಾರರ ಖಾತೆಗೆ. ಬೆಳೆ ವಿಮೆಯ ಮಾರ್ಗಸೂಚಿಯಲ್ಲಿ ಗೇಣಿದಾರರಿಗೆ ಅವಕಾಶವಿದ್ದರೂ ಅದಕ್ಕೆ ದಾಖಲೆ ಬೇಕು. ದಾಖಲೆ ನೀಡಲು ಭೂಮಾಲೀಕರು ಹಿಂಜರಿಯುತ್ತಾರೆ. ಹವಾಮಾನದ ಅಪಾಯವನ್ನು ನಿಜವಾಗಿ ಹೊರುವವರನ್ನು ಗುರುತಿಸುವ ವಿಧಾನವನ್ನು ರೂಪಿಸದ ಹೊರತು ಎಲ್ಲರನ್ನೂ ಒಳಗೊಂಡ ಜೀವನೋಪಾಯ ಎಂಬ ಆಶಯವು ಪೂರ್ಣಗೊಳ್ಳುವುದಿಲ್ಲ. ಅಲ್ಲಿಯವರೆಗೆ ಪಶುಸಂಗೋಪನೆ ಹಾಗೂ ಸ್ವಸಹಾಯ ಗುಂಪುಗಳ ಸಾಲದಂತಹ, ಪಹಣಿಯನ್ನು ಬೇಡದ ನೆರವುಗಳನ್ನು ಇಂತಹ ಕುಟುಂಬಗಳು ಪಡೆದುಕೊಳ್ಳಬಹುದು.

8. ಅರ್ಜಿದಾರರ ಗಮನಕ್ಕೆ

ಏಪ್ರಿಲ್–ಮೇ: ಪಹಣಿ, ಫ್ರೂಟ್ಸ್ ಮತ್ತು ಬ್ಯಾಂಕ್ ಜೋಡಣೆಯನ್ನು ಪರಿಶೀಲಿಸಿಕೊಳ್ಳುವುದು, ಪೌತಿ ಖಾತೆ ಬಾಕಿಯಿದ್ದಲ್ಲಿ ಅರ್ಜಿ ಸಲ್ಲಿಸುವುದು, ಬದು, ಹೊಂಡದ ಹೂಳು ತೆಗೆಯುವ ಕೆಲಸ ಮುಗಿಸುವುದು.

ಜೂನ್–ಜುಲೈ: ಮಳೆಯ ಮುನ್ಸೂಚನೆಯನ್ನು ವರುಣ ಮಿತ್ರ ಸಹಾಯವಾಣಿಯಲ್ಲಿ ವಿಚಾರಿಸಿ ಬಿತ್ತನೆ ಕೈಗೊಳ್ಳುವುದು. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪನ ಕೇಂದ್ರಗಳ ಆಧಾರದ ಮೇಲೆ ಈ ಸೇವೆ ಒದಗಿಸುತ್ತದೆ. ಅಧಿಸೂಚಿತ ಬೆಳೆಗೆ ಕೊನೆಯ ದಿನಾಂಕದೊಳಗೆ ವಿಮೆ ಮಾಡಿಸಿ ರಸೀದಿ ಇಟ್ಟುಕೊಳ್ಳುವುದು.

ಆಗಸ್ಟ್–ಸೆಪ್ಟೆಂಬರ್: ಬೆಳೆ ಸಮೀಕ್ಷೆಯ ವಿವರವನ್ನು ಪರಿಶೀಲಿಸಿ, ತಪ್ಪಿದ್ದಲ್ಲಿ ಆಕ್ಷೇಪಣೆ ಸಲ್ಲಿಸುವುದು.

ಕಟಾವಿನ ಕಾಲ: ಸ್ಥಳನಿರ್ದಿಷ್ಟ ನಷ್ಟವಾದಲ್ಲಿ 72 ಗಂಟೆಗಳೊಳಗೆ ಮಾಹಿತಿ ನೀಡಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.

ಉಪಸಂಹಾರ

ಬರ ಘೋಷಣೆಯಾದ ಮೇಲೆ ಕಚೇರಿಗಳ ಮುಂದೆ ಸಾಲು ಬೆಳೆಯುವುದು ಸಾಮಾನ್ಯ ದೃಶ್ಯ. ಆ ವೇಳೆಗೆ ಪಹಣಿ ತಿದ್ದುಪಡಿಗೆ ಆಕ್ಷೇಪಣಾ ಅವಧಿ ಉಳಿದಿರುವುದಿಲ್ಲ, ವಿಮೆಯ ದಿನಾಂಕ ಮುಗಿದಿರುತ್ತದೆ, ಹೊಂಡ ತೋಡಿದರೂ ತುಂಬಲು ಮಳೆಯಿರುವುದಿಲ್ಲ. ಸಣ್ಣ ರೈತರ ತಡೆದುಕೊಳ್ಳುವ ಶಕ್ತಿಯು ಬಹುಮಟ್ಟಿಗೆ ಮಳೆಗಾಲಕ್ಕೆ ಮುನ್ನವೇ ನಿರ್ಧಾರವಾಗುತ್ತದೆ. ಮುಂಗಾರು ಪೂರ್ವದ ಎರಡು ತಿಂಗಳುಗಳನ್ನು ಈ ಕೆಲಸಗಳಿಗೆ ಮೀಸಲಿಡುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ. ದರಗಳು, ಸಹಾಯಧನದ ಪ್ರಮಾಣ ಮತ್ತು ಕೊನೆಯ ದಿನಾಂಕಗಳು ಆಯಾ ಸಾಲಿನ ಆದೇಶಗಳಿಗೆ ಒಳಪಟ್ಟಿರುವುದರಿಂದ, ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ, ನಾಡಕಚೇರಿ ಅಥವಾ ಗ್ರಾಮ ಪಂಚಾಯಿತಿ ಕಾರ್ಯಾಲಯವನ್ನು ಸಂಪರ್ಕಿಸಬಹುದಾಗಿದೆ.